ಲ್ಯಾಪ್‌ಟಾಪ್‌ನ ಚಾರ್ಜಿಂಗ್ ಜಾಕನ್ನು ಮನೆಯಲ್ಲೇ ಬೆಸುಗೆ ಹಾಕಿ ಬದಲಾಯಿಸಬಹುದೇ?

ಶರಾವತಿ ಹಿನ್ನೀರು (ಹೊಸನಗರ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಮಗಳು ಓದುವಾಗ ಬಳಸುತ್ತಿದ್ದ ಲ್ಯಾಪ್‌ಟಾಪ್ ಈಗ ತೋಟದ ಲೆಕ್ಕಪತ್ರಕ್ಕೆಂದು ನನ್ನ ಕೈಗೆ ಬಂದಿದೆ. ಚಾರ್ಜರ್ ಪಿನ್ನನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ, ಕೈ ಬಿಟ್ಟ ಕೂಡಲೇ ದೀಪ ಆರುತ್ತದೆ. ಇತ್ತೀಚೆಗೆ ಆ ಜಾಗ ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದು, ಜಾಕ್‌ನ ಸುತ್ತಲಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದೆ. ಪೇಟೆಯ ಅಂಗಡಿಯೊಂದರಲ್ಲಿ ತೋರಿಸಿದಾಗ ಮದರ್‌ಬೋರ್ಡನ್ನೇ ಬದಲಾಯಿಸಬೇಕೆಂದರು. ಅವರು ಹೇಳಿದ ಬೆಲೆಗೆ ಬಳಸಿದ ಲ್ಯಾಪ್‌ಟಾಪ್ ಇನ್ನೊಂದೇ ಬರುತ್ತದೆ.

ಹಿಂಭಾಗ ಬಿಚ್ಚಿ ನೋಡಿದ್ದೇನೆ. ಜಾಕ್ ತಂತಿಯ ತುದಿಯಲ್ಲಿಲ್ಲ, ಐದು ಕಾಲುಗಳ ಮೂಲಕ ಬೋರ್ಡಿನ ರಂಧ್ರಗಳಿಗೇ ಬೆಸುಗೆಯಾಗಿದೆ. ನನ್ನ ಬಳಿ 25 ವ್ಯಾಟ್‌ನ ಸಾದಾ ಸೋಲ್ಡರಿಂಗ್ ಐರನ್, ಒಂದು ಸುರುಳಿ ಲೆಡ್ (ಬೆಸುಗೆ ತಂತಿ), ಒಂದು ಡಬ್ಬಿ ಪೇಸ್ಟ್ ಮತ್ತು ಮಲ್ಟಿಮೀಟರ್ ಇವೆ. ಎಮರ್ಜೆನ್ಸಿ ಲ್ಯಾಂಪ್, ಟಾರ್ಚ್, ಸ್ಪೀಕರ್‌ಗಳ ತಂತಿಗಳನ್ನು ಬೆಸೆದು ಅಭ್ಯಾಸವಿದೆ. ಕಂಪ್ಯೂಟರ್ ಬೋರ್ಡಿನ ಮೇಲೆ ಕೆಲಸ ಮಾಡಿಲ್ಲ. ಒಂದು ಕಾಲಿಗೆ ಐರನ್ ತಾಗಿಸಿ ನೋಡಿದೆ, ಹಳೆಯ ಬೆಸುಗೆ ಕರಗುವ ಲಕ್ಷಣವೇ ಕಾಣಲಿಲ್ಲ. ತಂತಿಯಾದರೆ ಕ್ಷಣಮಾತ್ರದಲ್ಲಿ ಕರಗಿಸುವ ಐರನ್ ಇಲ್ಲಿ ಏಕೆ ಸೋಲುತ್ತದೆ? ಏನೇನು ಕೊಳ್ಳಬೇಕು? ಜಾಕನ್ನು ಬೋರ್ಡಿನ ಮೇಲೆ ಕೂರಿಸುವ ಬದಲು ತಂತಿ ಎಳೆದು ಹೊರಗೆ ಕೂರಿಸಿಕೊಳ್ಳಬಹುದೇ? ಇದರ ಜೊತೆಗೆ ತಲೆ ಉಬ್ಬಿದ ಕೆಪಾಸಿಟರ್‌ಗಳಿರುವ ಹಳೆಯ ಡೆಸ್ಕ್‌ಟಾಪ್ ಒಂದೂ ಮನೆಯಲ್ಲಿದೆ. ಅದರ ಮೇಲೆ ಮೊದಲು ಕೈ ಪಳಗಿಸಿಕೊಳ್ಳುವುದು ಒಳ್ಳೆಯದೇ ಎಂಬುದನ್ನೂ ತಿಳಿದವರು ಹೇಳಬೇಕಾಗಿ ವಿನಂತಿ.

ಹಳೇ ರೇಡಿಯೊ (ಶಿವಮೊಗ್ಗ):

ಮೊದಲಿಗೆ ಒಂದು ಮಾತು. ಜಾಕ್ ದುರಸ್ತಿಯಾಗುವವರೆಗೆ ಒತ್ತಿ ಹಿಡಿದು ಚಾರ್ಜ್ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ನಿಮ್ಮ ಅಡಾಪ್ಟರ್ ಸಾಮಾನ್ಯವಾಗಿ ಕಾಣುವ 65 ವ್ಯಾಟ್‌ನದಾಗಿದ್ದರೆ ಅದು 19 ವೋಲ್ಟ್‌ನಲ್ಲಿ 3.42 ಆಂಪಿಯರ್‌ವರೆಗೆ ಕೊಡುತ್ತದೆ. ಸಡಿಲವಾದ ಜಾಗದಲ್ಲಿ ಬರೇ ಅರ್ಧ ಓಮ್ ಪ್ರತಿರೋಧ ಉಂಟಾಗಿದೆ ಎಂದುಕೊಂಡರೂ, ವಿದ್ಯುತ್ತಿನ ವರ್ಗವನ್ನು ಪ್ರತಿರೋಧದಿಂದ ಗುಣಿಸಿದಾಗ ಸುಮಾರು 5.8 ವ್ಯಾಟ್ ಶಾಖ ಆ ಕಡಲೆಗಾತ್ರದ ಜಾಗದಲ್ಲೇ ಹುಟ್ಟುತ್ತದೆ. ಪ್ಲಾಸ್ಟಿಕ್ ಕಂದಾಗಿರುವುದಕ್ಕೆ ಇದೇ ಕಾರಣ. ಇನ್ನೂ ಕೆಲವು ದಿನ ಹೀಗೆಯೇ ನಡೆಸಿದರೆ ರಂಧ್ರದ ಒಳಗೋಡೆಯ ತಾಮ್ರವೂ ಬೋರ್ಡಿನ ಪದರವೂ ಸುಟ್ಟು, ಇಂದು ಜಾಕ್ ಬದಲಾವಣೆಯಲ್ಲಿ ಮುಗಿಯುವ ಕೆಲಸ ಆ ಅಂಗಡಿಯವರು ಹೇಳಿದಲ್ಲಿಗೇ ಹೋಗಿ ನಿಲ್ಲುತ್ತದೆ.

ಐರನ್ ಏಕೆ ಸೋಲುತ್ತದೆ ಎಂಬ ಪ್ರಶ್ನೆಗೆ ಎರಡು ಕಾರಣಗಳು ಒಟ್ಟಿಗೆ ಸೇರಿವೆ. ನಿಮ್ಮ ಸುರುಳಿಯಲ್ಲಿರುವುದು ಬಹುಶಃ ತವರ ಮತ್ತು ಸೀಸ ಬೆರೆತ ಲೆಡ್. 63 ಪಾಲು ತವರ, 37 ಪಾಲು ಸೀಸ ಇರುವ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಯುರೋಪಿನ ಒಕ್ಕೂಟವು 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಉಪಕರಣಗಳಲ್ಲಿ ಸೀಸದ ಬಳಕೆಯನ್ನು ನಿರ್ಬಂಧಿಸಿದ ಮೇಲೆ, ಜಗತ್ತಿನ ಮಾರುಕಟ್ಟೆಗೆಲ್ಲ ಒಂದೇ ಬಗೆಯ ಬೋರ್ಡ್ ತಯಾರಿಸುವ ಕಾರ್ಖಾನೆಗಳು ಸೀಸವಿಲ್ಲದ ಬೆಸುಗೆಗೆ ಹೊರಳಿದವು. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಮಿಶ್ರಣದಲ್ಲಿ 96.5 ಪಾಲು ತವರ, 3 ಪಾಲು ಬೆಳ್ಳಿ, ಅರ್ಧ ಪಾಲು ತಾಮ್ರವಿದ್ದು, ಅದು ಕರಗಲು 217ರಿಂದ 220 ಡಿಗ್ರಿ ಬೇಕು. ಇದು ಚಿಕ್ಕ ಕಾರಣ. ದೊಡ್ಡ ಕಾರಣ ಬೋರ್ಡಿನೊಳಗಿದೆ. ಲ್ಯಾಪ್‌ಟಾಪ್ ಬೋರ್ಡ್ ಆರು, ಎಂಟು ಅಥವಾ ಇನ್ನೂ ಹೆಚ್ಚು ತಾಮ್ರದ ಪದರಗಳನ್ನು ಒತ್ತಿ ಮಾಡಿದ ಹಲಗೆ. ಜಾಕ್‌ನ ಗ್ರೌಂಡ್ (ನೆಗೆಟಿವ್) ಕಾಲು ಅವುಗಳಲ್ಲಿ ಹಲವು ಪದರಗಳಿಗೆ ಅಂಟಿಕೊಂಡಿರುತ್ತದೆ. ಐರನ್ ಕೊಟ್ಟ ಶಾಖವನ್ನು ಆ ತಾಮ್ರದ ಹಾಳೆಗಳು ಬೋರ್ಡಿನ ಉದ್ದಗಲಕ್ಕೆ ಸಾಗಿಸಿಬಿಡುತ್ತವೆ. ಐದು ಕಾಲುಗಳಲ್ಲಿ ಪಾಸಿಟಿವ್ ಕಾಲು ಬೇಗ ಕರಗಿ, ಗ್ರೌಂಡ್ ಕಾಲುಗಳು ಜಗ್ಗದೆ ನಿಲ್ಲುವುದನ್ನು ನೀವೇ ನೋಡುವಿರಿ.

ಆದ್ದರಿಂದ ಬೇಕಾಗಿರುವುದು ಹೆಚ್ಚಿನ ಉಷ್ಣತೆಯಲ್ಲ, ಶಾಖವನ್ನು ಸತತವಾಗಿ ಪೂರೈಸುವ ಶಕ್ತಿ. 450 ಡಿಗ್ರಿಗೆ ಏರಿಸಿದ ಸಣ್ಣ ಬಿಟ್‌ಗಿಂತ (ಐರನ್‌ನ ಮೊನೆ) 350ರ ಆಸುಪಾಸಿನಲ್ಲಿ ನಿಂತ ಅಗಲ ಬಾಯಿಯ ಬಿಟ್ ಲೇಸು. ಉಷ್ಣತೆ ನಿಯಂತ್ರಿಸುವ 60 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಸೋಲ್ಡರಿಂಗ್ ಸ್ಟೇಷನ್ ಒಂದನ್ನು ತೆಗೆದುಕೊಳ್ಳಿ. ಬಿಟ್ ಉಳಿಯ ಬಾಯಿಯಂತೆ ಚಪ್ಪಟೆಯಾಗಿರಲಿ. ಐರನ್ ಜೊತೆಗೆ ಬರುವ ಸೂಜಿಮೊನೆಯ ಬಿಟ್ ನೋಡಲು ನಾಜೂಕಾದರೂ ಈ ಕೆಲಸಕ್ಕೆ ಪ್ರಯೋಜನವಿಲ್ಲ, ಏಕೆಂದರೆ ಅದು ತಾಗುವ ಜಾಗವೇ ಕಡಿಮೆ. ಜೊತೆಗೆ ಫ್ಲಕ್ಸ್ (ಬೆಸುಗೆ ಸಲೀಸಾಗಿ ಹಿಡಿಯಲು ಹಚ್ಚುವ ದ್ರವ್ಯ), ಹಳೆಯ ಬೆಸುಗೆ ಹೀರುವ ತಾಮ್ರದ ಜಡೆಯಂತಿರುವ ಡಿಸೋಲ್ಡರಿಂಗ್ ವಿಕ್, ಕರಗಿದ ಬೆಸುಗೆ ಎಳೆದುಕೊಳ್ಳುವ ಸ್ಪ್ರಿಂಗ್ ಇರುವ ಸಕ್ಕರ್, ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಬೇಕು. ಶಿವಮೊಗ್ಗದ ದುರ್ಗಿಗುಡಿ ಕಡೆಯ ಅಂಗಡಿಗಳಲ್ಲಿ ವಿಚಾರಿಸಿ. ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಗತಿ, ಅಥವಾ ಅಂಚೆಯಲ್ಲಿ ತರಿಸಿಕೊಳ್ಳಬೇಕು.

ಕೆಲಸದ ಕ್ರಮ ಹೀಗೆ. ಬ್ಯಾಟರಿ ಕಳಚಿ, ಬೋರ್ಡನ್ನು ಪೂರ್ತಿ ಹೊರತೆಗೆಯಿರಿ. ಗುಂಡಿ ಸೆಲ್ ಕಳಚುವಂತಿದ್ದರೆ ಅದನ್ನೂ ತೆಗೆಯಿರಿ. ಹತ್ತಿರದ ಪ್ಲಾಸ್ಟಿಕ್ ಕನೆಕ್ಟರ್‌ಗಳಿಗೆ ಕ್ಯಾಪ್ಟಾನ್ ಟೇಪ್ ಸುತ್ತಿ. ಹಳೆಯ ಜಾಕ್ ಹೇಗೂ ಎಸೆಯುವುದಾದ್ದರಿಂದ ಅದನ್ನು ಉಳಿಸುವ ಯೋಚನೆ ಬೇಡ. ಸಣ್ಣ ಕಟರ್‌ನಿಂದ ಅದರ ಒಡಲನ್ನು ತುಂಡು ತುಂಡಾಗಿ ಕತ್ತರಿಸಿ ತೆಗೆದು, ಕಾಲುಗಳನ್ನು ಬಿಡಿಬಿಡಿಯಾಗಿ ಉಳಿಸಿಕೊಳ್ಳಿ. ಐದನ್ನೂ ಒಟ್ಟಿಗೆ ಕರಗಿಸಿ ಎಳೆಯಲು ಹೋಗುವವರೇ ಪ್ಯಾಡ್ (ರಂಧ್ರದ ಸುತ್ತಲಿನ ತಾಮ್ರದ ಬಿಲ್ಲೆ) ಕಿತ್ತುಕೊಳ್ಳುವವರು. ಆಮೇಲೆ ಪ್ರತಿ ಕಾಲಿಗೂ ಫ್ಲಕ್ಸ್ ಹಚ್ಚಿ, ನಿಮ್ಮ ಸೀಸದ ಲೆಡ್ಡನ್ನು ಧಾರಾಳವಾಗಿ ಸೇರಿಸಿ. ಹಳೆಯದು ಹೊಸದರೊಂದಿಗೆ ಬೆರೆತಾಗ ಕರಗುವ ಉಷ್ಣತೆ ಇಳಿಯುತ್ತದೆ, ದ್ರವದ ಬೆಸುಗೆ ಹೆಚ್ಚಾದಷ್ಟೂ ಶಾಖ ದಾಟುವ ಜಾಗವೂ ಹೆಚ್ಚುತ್ತದೆ. ಚಿಮಟದಿಂದ ಕಾಲನ್ನು ಮೆಲ್ಲಗೆ ಹಿಡಿದಿರಿ. ಅದು ತಾನಾಗಿ ಜಾರಿ ಬರಬೇಕು, ಬಲ ಹಾಕಬಾರದು. ರಂಧ್ರದಲ್ಲಿ ಉಳಿದದ್ದನ್ನು ಒಂದು ಬದಿಯಿಂದ ಕಾಯಿಸುತ್ತಾ ಇನ್ನೊಂದು ಬದಿಯಿಂದ ಸಕ್ಕರ್ ಹಿಡಿದು ಎಳೆಯಿರಿ.

ಹೊಸ ಜಾಕ್ ಕೂರಿಸುವಾಗ ಬೆಸುಗೆ ರಂಧ್ರದ ಆಚೆ ಬದಿಗೂ ಇಳಿದಿರುವುದನ್ನು ಖಚಿತಪಡಿಸಿಕೊಳ್ಳಿ. ಮೇಲುಭಾಗದಲ್ಲಿ ಮಾತ್ರ ಉಂಡೆಯಾಗಿ ನಿಂತ ಬೆಸುಗೆ ನೋಡಲು ಗಟ್ಟಿ ಎನಿಸಿದರೂ ಮತ್ತೆ ಸಡಿಲವಾಗುವುದು ಖಂಡಿತ.

ತುಂಗಾ ದಡ (ತೀರ್ಥಹಳ್ಳಿ):

ಹಳೇ ರೇಡಿಯೊ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನಮ್ಮ ಕಡೆಯ ಹಳ್ಳಿಗಳ ಮಟ್ಟಿಗೆ ಮೂರನೆಯ ಕಾರಣವೂ ಇದೆ, ಅದನ್ನು ಪೇಟೆಯವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಶರಾವತಿ ಹಿನ್ನೀರು ಅವರೇ, ಸಂಜೆ ಎಲ್ಲರ ಮನೆಯ ದೀಪ, ಟಿವಿಗಳು ಹೊತ್ತಿದ ಮೇಲೆ ನಿಮ್ಮಲ್ಲಿ ವೋಲ್ಟೇಜ್ ಎಷ್ಟಿರುತ್ತದೆ ಎಂದು ಮೀಟರ್ ಹಚ್ಚಿ ನೋಡಿದ್ದೀರಾ? ಸಾದಾ ಐರನ್‌ನೊಳಗಿರುವುದು ಕೇವಲ ತಂತಿಯ ಸುರುಳಿ. ಅದರ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230 ವೋಲ್ಟ್‌ಗೆ 25 ವ್ಯಾಟ್ ಕೊಡುವ ಐರನ್ 180 ವೋಲ್ಟ್‌ನಲ್ಲಿ ಸುಮಾರು 15 ವ್ಯಾಟ್ ಮಾತ್ರ ಕೊಡುತ್ತದೆ. ಹೊಳೆಯಾಚೆಯ ಲೈನಿನ ಕೊನೆಯ ಮನೆಗಳಲ್ಲಿ 180 ಎಂಬುದು ಅಪರೂಪದ ಸಂಖ್ಯೆಯಲ್ಲ. ಸ್ಟೇಷನ್ ಕೊಳ್ಳಲು ಈಗಲೇ ಹಣ ಹಾಕುವ ಮನಸ್ಸಿಲ್ಲದಿದ್ದರೆ ಬೆಳಗ್ಗೆ ಕರೆಂಟ್ ಚೆನ್ನಾಗಿರುವ ಹೊತ್ತಿನಲ್ಲಿ ಕೆಲಸಕ್ಕೆ ಕೂರಿ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. 25 ವ್ಯಾಟ್‌ನಿಂದ ಈ ಕೆಲಸ ಸಾಧ್ಯವೇ ಇಲ್ಲವೆಂದೇನೂ ಅಲ್ಲ. ಹಾಟ್ ಏರ್ (ಬಿಸಿಗಾಳಿ ಊದುವ ಉಪಕರಣ) ಇರುವ ಗೆಳೆಯರು ಯಾರಾದರೂ ಇದ್ದರೆ, ಬೋರ್ಡಿನ ಆ ಮೂಲೆಯನ್ನು ಅಡಿಯಿಂದ ನಿಧಾನವಾಗಿ 100ರಿಂದ 120 ಡಿಗ್ರಿಯವರೆಗೆ ಕಾಯಿಸಿಟ್ಟುಕೊಂಡರೆ ಐರನ್ ಹೊರಬೇಕಾದ ಭಾರ ಅರ್ಧಕ್ಕೆ ಇಳಿದಂತೆ. ಆದರೆ ಮಳೆಗಾಲದಲ್ಲಿ ತೇವ ಹೀರಿಕೊಂಡಿರುವ ಬೋರ್ಡಿಗೆ ಒಮ್ಮೆಲೇ ಬಿಸಿಗಾಳಿ ಹಿಡಿಯಬೇಡಿ. ಒಳಗಿನ ತೇವ ಆವಿಯಾಗಿ ಪದರಗಳೂ ಚಿಪ್‌ಗಳೂ ಉಬ್ಬುವ ಸಂಭವವಿದೆ. ಮೊದಲು ಕಡಿಮೆ ಶಾಖದಲ್ಲಿ ಕೆಲವು ಗಂಟೆ ಒಣಗಲು ಬಿಡಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸೋಣವೆಂದು ಮಾತ್ರ ಹೊರಡಬೇಡಿ. ಅಡಿಕೆಗೆ ಒಪ್ಪುವ ಹೊಗೆ ಬೋರ್ಡಿಗೆ ಒಪ್ಪುವುದಿಲ್ಲ. ಮಸಿ ಕೂತರೆ ತೊಳೆಯುವುದೇ ಒಂದು ಪ್ರತ್ಯೇಕ ಕೆಲಸವಾಗುತ್ತದೆ.

ಘಟ್ಟದ ಮಳೆ (ಆಗುಂಬೆ ಸಮೀಪ):

ಇಬ್ಬರೂ ಆ ಪೇಸ್ಟ್ ಡಬ್ಬಿಯ ಬಗ್ಗೆ ಮಾತನಾಡದಿರುವುದು ಆಶ್ಚರ್ಯ. ನನ್ನ ಮಟ್ಟಿಗೆ ಈ ಪ್ರಶ್ನೆಯಲ್ಲಿ ಅತ್ಯಂತ ಅಪಾಯಕಾರಿ ವಸ್ತು ಅದೇ.

ಅಂಗಡಿಯಲ್ಲಿ ಪೇಸ್ಟ್ ಎಂದು ಸಿಗುವ ಡಬ್ಬಿಗಳಲ್ಲಿ ಕೆಲವು ರಾಳದಿಂದ ಮಾಡಿದವು, ಕೆಲವು ಸತುವಿನ ಕ್ಲೋರೈಡ್ ಸೇರಿಸಿದವು. ಎರಡನೆಯ ಬಗೆ ತಗಡು, ಕೊಳವೆಗಳಿಗಾಗಿ ಇರುವಂಥದ್ದು. ತುಕ್ಕನ್ನೂ ಜಿಡ್ಡನ್ನೂ ತಿಂದುಹಾಕುವುದರಿಂದ ಬೆಸುಗೆ ಬಹಳ ಸಲೀಸಾಗಿ ಹಿಡಿಯುತ್ತದೆ, ಅದಕ್ಕೇ ಜನರಿಗೆ ಪ್ರಿಯ. ಬೋರ್ಡಿನ ಮೇಲೆ ಅದರ ಶೇಷ ಉಳಿದರೆ ಅದು ಗಾಳಿಯ ತೇವವನ್ನು ಎಳೆದುಕೊಂಡು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಬಯಲುಸೀಮೆಯಲ್ಲಿ ಇದು ನಿಧಾನವಾಗಿ ನಡೆಯಬಹುದು. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ, ಒಂದೇ ಮಳೆಗಾಲ ಸಾಕು; ಹಸಿರು ಕಿಲುಬು ಕಣ್ಣಿಗೇ ಕಾಣುತ್ತದೆ. ತೇವ, ಲವಣ, ವೋಲ್ಟೇಜ್ ಮೂರೂ ಸೇರಿದಾಗ ಲೋಹವು ಒಂದು ಗೆರೆಯಿಂದ ಪಕ್ಕದ ಗೆರೆಗೆ ಎಳೆಎಳೆಯಾಗಿ ಬೆಳೆಯುತ್ತಾ ಹೋಗಿ ಶಾರ್ಟ್ ಆಗುವುದೂ ಉಂಟು. ಅಂತಹ ಬೋರ್ಡಿನಲ್ಲಿ ಬೆಸೆದವನ ಕೈಯಲ್ಲಿ ಏನೂ ದೋಷವಿರುವುದಿಲ್ಲ, ಬೆಸುಗೆ ಹೊಳೆಯುತ್ತಲೇ ಇರುತ್ತದೆ.

ಆದ್ದರಿಂದ ಎಲೆಕ್ಟ್ರಾನಿಕ್ ಕೆಲಸಕ್ಕೆಂದೇ ಇರುವ ರಾಳದ ಫ್ಲಕ್ಸ್ ಬಳಸಿ. ತೊಳೆಯುವ ಅಗತ್ಯವಿಲ್ಲವೆಂದು ಲೇಬಲ್ ಮೇಲೆ ಬರೆದಿದ್ದರೂ ತೊಳೆಯಿರಿ. ಪೂರ್ತಿ ಕಾಯದೆ ಅಂಚಿನಲ್ಲಿ ಉಳಿದ ಫ್ಲಕ್ಸ್‌ಗೆ ಆ ಭರವಸೆ ಅನ್ವಯಿಸುವುದಿಲ್ಲ. 99 ಪಾಲು ಶುದ್ಧವಾದ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಉಜ್ಜಿದ ದ್ರವ ಆರುವ ಮೊದಲೇ ನೂಲು ಬಿಡದ ಬಟ್ಟೆಯಿಂದ ಒತ್ತಿ ತೆಗೆಯಬೇಕು, ಇಲ್ಲದಿದ್ದರೆ ಕೊಳೆ ಅಲ್ಲಿಂದ ಇಲ್ಲಿಗೆ ಹರಡಿದಂತಾಗುತ್ತದೆ ಅಷ್ಟೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್‌ನಂತಹ ವಸ್ತುಗಳೂ ಇರುತ್ತವೆ. ಸೀಮೆಎಣ್ಣೆ ಜಿಡ್ಡು ಬಿಡುತ್ತದೆ, ಥಿನ್ನರ್ ಪ್ಲಾಸ್ಟಿಕ್ ತಿನ್ನುತ್ತದೆ. ಆಲ್ಕೋಹಾಲ್ ಬೆಂಕಿ ಹಿಡಿಯುವ ವಸ್ತುವಾದ್ದರಿಂದ ಐರನ್ ಆರಿಸಿ ತಣ್ಣಗಾದ ಮೇಲೆ, ಕಿಟಕಿ ತೆರೆದಿಟ್ಟು ತೊಳೆಯಿರಿ.

ಹೊಗೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಸುಗೆ ಹಾಕುವಾಗ ಏಳುವ ಹೊಗೆ ಸೀಸದ್ದಲ್ಲ, ಐರನ್‌ನ ಶಾಖಕ್ಕೆ ಸೀಸ ಆವಿಯಾಗುವುದಿಲ್ಲ. ಅದು ರಾಳದ ಹೊಗೆ. ಹಾಗೆಂದು ಅದೇನೂ ನಿರುಪದ್ರವಿಯಲ್ಲ, ಉಬ್ಬಸ ಇರುವವರಿಗೆ ಅದನ್ನು ಕೆರಳಿಸುತ್ತದೆ, ಇಲ್ಲದವರಿಗೂ ತರಬಲ್ಲದು. ಸೀಸ ದೇಹಕ್ಕೆ ಹೋಗುವುದು ಬೆರಳಿನ ಮೂಲಕ; ಕೆಲಸ ಮುಗಿಸಿ ಸೋಪು ಹಾಕಿ ಕೈ ತೊಳೆಯದೆ ಎಲೆಅಡಿಕೆಗೆ ಕೈ ಹಾಕಬೇಡಿ.

ಶರಾವತಿ ಹಿನ್ನೀರು:

ಮೂವರಿಗೂ ಧನ್ಯವಾದಗಳು. ಸಂಜೆ ಮೀಟರ್ ಹಚ್ಚಿ ನೋಡಿದೆ, 185 ವೋಲ್ಟ್ ತೋರಿಸಿತು. ಡಬ್ಬಿಯ ಮೇಲೆ ಒಳಗೆ ಏನಿದೆ ಎಂಬ ವಿವರವೇ ಇಲ್ಲವಾದ್ದರಿಂದ ಅದನ್ನು ಪಂಪ್‌ಶೆಡ್ಡಿಗೆ ರವಾನಿಸಿದ್ದೇನೆ. ಸ್ಟೇಷನ್ ತರಿಸಲು ನಿರ್ಧರಿಸಿದ್ದೇನೆ. ತಂತಿ ಎಳೆದು ಜಾಕ್ ಹೊರಗೆ ಕೂರಿಸುವ ವಿಚಾರವೂ, ಡೆಸ್ಕ್‌ಟಾಪ್ ಕೆಪಾಸಿಟರ್‌ಗಳ ವಿಚಾರವೂ ಉಳಿದಿವೆ. ಇನ್ನೊಂದು ಅನುಮಾನ: ನಮ್ಮದು ಹಳೆಯ ಮನೆ, ಡೆಸ್ಕ್‌ಟಾಪ್‌ನ ಕಬ್ಬಿಣದ ಪೆಟ್ಟಿಗೆ ಮುಟ್ಟಿದರೆ ಜುಮ್ ಎನ್ನುತ್ತದೆ. ಅಂತಹ ಕಡೆ ಸ್ಟೇಷನ್ ಬಳಸಬಹುದೇ?

ಹಳೇ ರೇಡಿಯೊ:

ಕೊನೆಯದನ್ನು ಮೊದಲು ಹೇಳುತ್ತೇನೆ. ಆ ಜುಮ್ ಅನುಭವಕ್ಕೆ ಅರ್ಥ, ಆ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ ಅಥವಾ ಕಡಿದುಹೋಗಿದೆ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನೊಳಗೆ ಫೇಸ್ ಮತ್ತು ನ್ಯೂಟ್ರಲ್‌ಗಳಿಂದ ಪೆಟ್ಟಿಗೆಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ಥ್ ಇಲ್ಲದಿದ್ದಾಗ ಪೆಟ್ಟಿಗೆ ಅವುಗಳ ನಡುವೆ ತೂಗಿ, ಲೈನಿನ ಅರ್ಧದಷ್ಟು, ಅಂದರೆ 115 ವೋಲ್ಟ್ ಆಸುಪಾಸಿಗೆ ನಿಲ್ಲುತ್ತದೆ. ಹರಿಯುವ ವಿದ್ಯುತ್ ಅತ್ಯಲ್ಪವಾದರೂ ಚಿಪ್‌ಗಳನ್ನು ಕೆಡಿಸಲು ಅದು ಸಾಕು. ಸ್ಟೇಷನ್ನಿನ ಬಿಟ್ ಅರ್ಥ್‌ಗೆ ಜೋಡಿಸಿರುವುದರಿಂದ, ಅರ್ಥ್ ಇಲ್ಲದ ಮನೆಯಲ್ಲಿ ಅದರ ಮುಖ್ಯ ರಕ್ಷಣೆಯೇ ಇಲ್ಲದಂತಾಗುತ್ತದೆ. ವೈರಿಂಗ್ ಬಲ್ಲವರನ್ನು ಕರೆಸಿ ಅರ್ಥಿಂಗ್ ಮೊದಲು ಸರಿಪಡಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಯ ಮಣ್ಣು ಒಣಗಿದರೆ ಅದು ಇದ್ದೂ ಇಲ್ಲದಂತೆ, ಆಗಾಗ್ಗೆ ನೀರು ಹಾಕಬೇಕು. ಇದಕ್ಕೆ ಆಗುವ ಖರ್ಚು ಕಂಪ್ಯೂಟರಿಗಿಂತ ಮುಖ್ಯವಾಗಿ ಮನೆಯವರ ಜೀವಕ್ಕಾಗಿ ಎಂದು ತಿಳಿಯಿರಿ.

ಜಾಕನ್ನು ತಂತಿಯ ತುದಿಗೆ ತರುವ ಮಾರ್ಪಾಡು ಒಳ್ಳೆಯದೇ. ಚಾರ್ಜರ್ ಎಳೆದಾಡಿದ ಬಲ ಬೋರ್ಡಿನ ರಂಧ್ರಗಳ ಮೇಲೆ ಬೀಳುವುದು ತಪ್ಪುತ್ತದೆ. ಆದರೆ ಮೂರು ಷರತ್ತುಗಳಿವೆ. ತಂತಿ ಪ್ರತಿಯೊಂದೂ ಕನಿಷ್ಠ 0.75 ಚದರ ಮಿಲಿಮೀಟರ್ ತಾಮ್ರದ್ದಿರಲಿ, ಉದ್ದ ಒಂದು ಗೇಣು ಮೀರದಿರಲಿ. ತಂತಿ ದೇಹವನ್ನು ದಾಟಿ ಹೊರಬರುವಲ್ಲಿ ಎಳೆತ ಬೆಸುಗೆಗೆ ತಲುಪದಂತೆ ಒಳಗೇ ಬಿಗಿಯಾಗಿ ಕಟ್ಟಿರಬೇಕು, ಇಲ್ಲವಾದರೆ ಮಾರ್ಪಾಡಿನ ಉದ್ದೇಶವೇ ಹೋಯಿತು. ಮೂರನೆಯದು, ನಿಮ್ಮ ಚಾರ್ಜರ್ ಪಿನ್ನಿನ ನಟ್ಟನಡುವೆ ಸೂಜಿಯಂತಹ ಇನ್ನೊಂದು ಪಿನ್ ಇದೆಯೇ ನೋಡಿ. ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಅದು ಅಡಾಪ್ಟರನ್ನು ಗುರುತಿಸುವ ಸಂಕೇತದ ದಾರಿ. ಅದನ್ನು ಬಿಟ್ಟು ಎರಡೇ ತಂತಿ ಹಾಕಿದರೆ ಯಂತ್ರ ನಡೆಯುತ್ತದೆ, ಬ್ಯಾಟರಿ ಚಾರ್ಜ್ ಆಗುವುದಿಲ್ಲ. ನನ್ನ ಸಲಹೆಯೆಂದರೆ, ರಂಧ್ರಗಳು ಚೆನ್ನಾಗಿ ಉಳಿದರೆ ಮೊದಲಿದ್ದಂತಹ ಜಾಕನ್ನೇ ಹಾಕಿ. ರಂಧ್ರದ ತಾಮ್ರ ಕಿತ್ತುಬಂದರೆ ಮಾತ್ರ ತಂತಿಯ ದಾರಿ ಹಿಡಿಯಿರಿ.

ಡೆಸ್ಕ್‌ಟಾಪ್ ಮೇಲೆ ಮೊದಲು ಕೈ ಪಳಗಿಸುವುದು ಸರಿಯಾದ ಯೋಚನೆ. ಸುಮಾರು 1999ರಿಂದ 2007ರ ನಡುವೆ ತಯಾರಾದ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಕಳಪೆ ದ್ರಾವಣದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಳಗೆ ಅನಿಲ ತುಂಬಿ ಉಬ್ಬಿ ಸತ್ತವು; ನಿಮ್ಮದೂ ಆ ಸಂತತಿಯದೇ ಇರಬಹುದು. ಬದಲಿಗೆ ಹಾಕುವುದರ ಮೈಕ್ರೊಫ್ಯಾರಡ್ ಮೊದಲಿನಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಲಿ, ಉಷ್ಣತೆ 105 ಡಿಗ್ರಿಯದಾಗಿರಲಿ. ಪ್ರೊಸೆಸರ್ ಪಕ್ಕದವಕ್ಕೆ ಒಳಪ್ರತಿರೋಧ ಕಡಿಮೆ ಇರುವ ಬಗೆಯೇ ಬೇಕು. ಟಿವಿ ಅಂಗಡಿಯ ಡಬ್ಬಿಯಿಂದ ಆರಿಸಿದ 85 ಡಿಗ್ರಿಯ ಸಾದಾ ಮಾಲು ಅಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ವ್ಯಾಸವನ್ನೂ ಅಳೆದುಕೊಳ್ಳಿ: 8 ಮಿಲಿಮೀಟರ್‌ನದಕ್ಕೆ ಕಾಲುಗಳ ಅಂತರ 3.5 ಮಿಲಿಮೀಟರ್, 10ರದಕ್ಕೆ 5. ತೆಗೆಯುವ ಮೊದಲು ಫೋನಿನಲ್ಲಿ ಚಿತ್ರ ಹಿಡಿದಿಡುವುದು ಕಡ್ಡಾಯ, ಏಕೆಂದರೆ ಬೋರ್ಡಿನ ಮೇಲೆ ಬಣ್ಣ ತುಂಬಿದ ಅರ್ಧವೃತ್ತ ಸಾಮಾನ್ಯವಾಗಿ ನೆಗೆಟಿವ್ ಬದಿಯಾದರೂ ಕೆಲವು ಬೋರ್ಡ್‌ಗಳಲ್ಲಿ ತಿರುಗುಮುರುಗಾಗಿರುತ್ತದೆ. ತಿರುಗಿ ಹಾಕಿದ ಕೆಪಾಸಿಟರ್ ಸಿಡಿಯುತ್ತದೆ.

ಅದೇ ಪೆಟ್ಟಿಗೆಯ ಎಸ್‌ಎಂಪಿಎಸ್ ಬಿಚ್ಚುವುದು ಮಾತ್ರ ಸದ್ಯಕ್ಕೆ ಬೇಡ. ಅದರೊಳಗಿನ ದೊಡ್ಡ ಕೆಪಾಸಿಟರ್ 325 ವೋಲ್ಟ್‌ವರೆಗೆ ತುಂಬಿಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಹೊತ್ತು ಹಾಗೆಯೇ ಉಳಿಯಬಲ್ಲದು.

ತುಂಗಾ ದಡ:

ಜಾಕ್ ಹಾಕಿದ ಮೇಲೆ ನೇರವಾಗಿ ಚಾರ್ಜರ್ ಚುಚ್ಚಬೇಡಿ ಎಂಬುದನ್ನು ಸೇರಿಸುತ್ತೇನೆ. ಮೊದಲು ಮಲ್ಟಿಮೀಟರ್‌ನಲ್ಲಿ ಜಾಕ್‌ನ ಪಾಸಿಟಿವ್ ಮತ್ತು ಗ್ರೌಂಡ್ ನಡುವೆ ಓಮ್ ಅಳೆಯಿರಿ. ಸಂಖ್ಯೆ ಕಡಿಮೆಯಿಂದ ಶುರುವಾಗಿ ಏರುತ್ತಾ ಹೋದರೆ ಒಳಗಿನ ಕೆಪಾಸಿಟರ್‌ಗಳು ತುಂಬಿಕೊಳ್ಳುತ್ತಿವೆ ಎಂದರ್ಥ, ಅದು ಒಳ್ಳೆಯ ಲಕ್ಷಣ. ಸೊನ್ನೆಯ ಹತ್ತಿರವೇ ನಿಂತು ಮೀಟರ್ ಬೀಪ್ ಮಾಡುತ್ತಲೇ ಇದ್ದರೆ ಎಲ್ಲೋ ಬೆಸುಗೆ ಹನಿ ಸೇತುವೆ ಕಟ್ಟಿದೆ. ಭೂತಗನ್ನಡಿ ಹಿಡಿದು ಹುಡುಕಬೇಕು. ನಂತರ ಬ್ಯಾಟರಿ ಹಾಕದೆ ಅಡಾಪ್ಟರ್ ಜೋಡಿಸಿ, ಯಂತ್ರ ಶುರುವಾಗುವುದೇ ನೋಡಿ, ಕಾಲು ಗಂಟೆಯ ಬಳಿಕ ಜಾಕ್ ಮೇಲೆ ಬೆರಳಿಡಿ. ಬೆಚ್ಚಗಿದ್ದರೆ ಸರಿ, ಬಿಸಿಯಾಗಿದ್ದರೆ ಗ್ರೌಂಡ್ ಕಾಲುಗಳ ಬೆಸುಗೆ ಆಚೆ ಬದಿಗೆ ಇಳಿದಿಲ್ಲ.

ಡೆಸ್ಕ್‌ಟಾಪ್‌ಗಾದರೆ ನಮ್ಮ ಹಳೆಯ ಮೆಕ್ಯಾನಿಕ್‌ಗಳ ಸೀರೀಸ್ ಬೋರ್ಡ್ ಪದ್ಧತಿ ಇಂದಿಗೂ ಚೆನ್ನ. ಮೊದಲ ಸಲ ಕರೆಂಟ್ ಕೊಡುವಾಗ 100 ವ್ಯಾಟ್‌ನ ತಂತಿಯ ಬಲ್ಬನ್ನು ಸರಣಿಯಲ್ಲಿ ಇಡಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಮುಂದುವರಿಯಬಹುದು, ಪೂರ್ತಿ ಬೆಳಗುತ್ತಲೇ ನಿಂತರೆ ತಕ್ಷಣ ಆರಿಸಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.

ಘಟ್ಟದ ಮಳೆ:

ತೊಳೆದು ಪೂರ್ತಿ ಒಣಗಿದ ಮೇಲೆ ಬೆಸೆದ ಜಾಗಕ್ಕೆ ಅಕ್ರಿಲಿಕ್ ರಕ್ಷಣಾ ಲೇಪನ ತೆಳುವಾಗಿ ಹಚ್ಚಬಹುದು. ಜಾಕ್‌ನ ಬಾಯಿಗೂ ಉಳಿದ ಕನೆಕ್ಟರ್‌ಗಳಿಗೂ ತಾಗಬಾರದು. ತೊಳೆಯದೆ ಹಚ್ಚಿದರೆ ಕೊಳೆಯನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಮಳೆಗಾಲದಲ್ಲಿ ಬಳಕೆ ಇಲ್ಲದಿದ್ದರೂ ಲ್ಯಾಪ್‌ಟಾಪನ್ನು ದಿನವೂ ಸ್ವಲ್ಪ ಹೊತ್ತು ನಡೆಸಿ, ಅದರದೇ ಬಿಸಿ ತೇವವನ್ನು ಹೊರಹಾಕುತ್ತದೆ. ಡೆಸ್ಕ್‌ಟಾಪ್ ಪೆಟ್ಟಿಗೆಯ ಹಿಂದಿನ ಖಾಲಿ ಸೀಳುಗಳನ್ನೂ ಮುಚ್ಚಿಡಿ. ಬೆಚ್ಚಗಿನ ಜಾಗ ಸಿಕ್ಕಿತೆಂದು ಹಲ್ಲಿ ಒಳಗೆ ಮೊಟ್ಟೆಯಿಡುತ್ತದೆ, ಇರುವೆ ಗೂಡು ಕಟ್ಟುತ್ತದೆ.